ಅಪ್ಪ ಇಲ್ಲದ ಮೊದಲ ದೀಪಾವಳಿ, ನಗಬಹುದಾ?

ಅಪ್ಪ ತೀರಿಕೊಂಡು ಐದು ತಿಂಗಳಾಗಿದೆ, ದೀಪಾವಳಿಗೆ ಎಲ್ಲರೂ ಮನೆಗೆ ಬರ್ತಿದ್ದಾರೆ, ಅವರ ಮಾತು ನೆನೆದು ನಗು ಬಂದರೆ ತಪ್ಪಾ ಅಂತ ಕೇಳಿದ್ದೀರಿ. ತಪ್ಪಲ್ಲ. ನಮ್ಮ ಮನೆಯನ್ನು ಉಳಿಸಿದ್ದೇ ಅಂಥ ಒಂದು ನಗು.

ನಮ್ಮದು ಮಂಡ್ಯ ಕಡೆ. ಅಪ್ಪ ಹೋದದ್ದು ಆಷಾಢದಲ್ಲಿ. ವರ್ಷ ತುಂಬುವವರೆಗೆ ಹಬ್ಬ ಬೇಡ ಅಂತ ಗೌರಿ-ಗಣೇಶ ಬಿಟ್ಟೆವು. ಅವತ್ತು ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಬಂತು ಮಹಾಲಯ ಅಮಾವಾಸ್ಯೆ. ನಮ್ಮಲ್ಲಿ ಅವತ್ತು ಹಿರಿಯರಿಗೆ ಎಡೆ ಇಡುತ್ತೇವೆ. ಹೋದವರಿಗೆ ಏನಿಷ್ಟವೋ ಅದನ್ನೇ ಮಾಡಬೇಕು. ಗೋಡೆ ಪಕ್ಕ ಹೊಸ ಪಂಚೆ, ಅದರ ಮೇಲೆ ಅಪ್ಪನ ಕನ್ನಡಕ. ಮುಂದೆ ಬಾಳೆಎಲೆ. ಮುದ್ದೆ, ನಾಟಿಕೋಳಿ ಸಾರು, ವಡೆ, ನಾಲ್ಕು ಕಜ್ಜಾಯ. ಅಪ್ಪನಿಗೆ ಹನ್ನೆರಡು ವರ್ಷದಿಂದ ಶುಗರ್. ಅವ್ವ ಕಜ್ಜಾಯದ ಡಬ್ಬಿಯನ್ನು ಅಟ್ಟದ ಮೇಲೆ ಬಚ್ಚಿಟ್ಟರೂ ಬಿಡದೆ ಹುಡುಕಿ ತಿನ್ನುತ್ತಿದ್ದ.

ಧೂಪ ಹಾಕಿದ ಮೇಲೆ, ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಎಳೆದುಕೊಂಡು ಹೊರಗೆ ಕೂರುವುದು ಪದ್ಧತಿ. ಎಲ್ಲರೂ ಕಣ್ಣೊರೆಸಿಕೊಂಡು ಬಂದೆವು. ಕೊನೆಗೆ ಬಂದವಳು ಅವ್ವ. ಬಾಗಿಲಿಗೆ ಕೈ ಹಾಕಿದವಳು ಒಳಗೆ ತಿರುಗಿ, "ಒಂದೇ ತಿನ್ನಿ, ಶುಗರ್ ಏರ್ತದೆ" ಅಂದಳು. ಬೇಕೂಂತ ಅಂದದ್ದಲ್ಲ, ಬಾಯಿಗೆ ರೂಢಿಯಾದ ಮಾತು. ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಣ್ಣನಿಗೆ ತಡೆಯಲಾಗಲಿಲ್ಲ. ಅವ್ವ ತಾನೂ ನಕ್ಕಳು, ನಗುತ್ತಲೇ ಅತ್ತಳು. ಬಾಗಿಲು ತೆಗೆದಾಗ ಅಣ್ಣ ಎಲೆ ನೋಡಿ, "ನಾಲ್ಕೂ ಹಂಗೇ ಅವೆ ಕಣವ್ವ. ಇದೇ ಮೊದಲ ಸಲ ನಿನ್ನ ಮಾತು ಕೇಳವ್ನೆ" ಅಂದ.

ಅವತ್ತು ರಾತ್ರಿ ಹನ್ನೊಂದರವರೆಗೆ ಅಪ್ಪನದ್ದೇ ಮಾತು. ಎರಡು ತಿಂಗಳಿಂದ ಅವನ ಹೆಸರು ಎತ್ತಲೂ ಹೆದರುತ್ತಿದ್ದ ಮನೆ ಅದು.

ನೆಂಟರ ಮಾತು ನಿಮ್ಮನ್ನು ಕಾಡುತ್ತಿದ್ದರೆ ಇದೊಂದು ತಿಳಿದಿರಲಿ. 1997ರಲ್ಲಿ ಕೆಲ್ಟ್ನರ್ ಮತ್ತು ಬೊನಾನೊ ಎಂಬ ಮನಶ್ಶಾಸ್ತ್ರಜ್ಞರು, ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡು ಸುಮಾರು ಆರು ತಿಂಗಳಾದವರನ್ನು ಮಾತಾಡಿಸಿ ಬರೆದಿದ್ದಾರೆ. ಹೋದವರ ಬಗ್ಗೆ ಹೇಳುವಾಗ ಮನಸಾರೆ ನಕ್ಕವರಲ್ಲಿ ಸಂಕಟ ಕಡಿಮೆ ಕಂಡಿತ್ತು. ನಕ್ಕರೆ ಪ್ರೀತಿ ಕಮ್ಮಿ ಅನ್ನುವವರ ಮಾತಿಗೆ ನೀವು ಕುಗ್ಗಬೇಡಿ.

ಆದರೆ ನಗಿಸಲೇಬೇಕು ಅಂತ ಹೊರಡಬೇಡಿ. ಫೋನಿನಲ್ಲಿ ಬಂದ ಜೋಕು ಅವತ್ತು ಕಿವಿಗೆ ಕರ್ಕಶ. ಅಪ್ಪನ ಅಭ್ಯಾಸ, ಅಪ್ಪನ ಹಟ, ಅಪ್ಪ ಬೈಯುತ್ತಿದ್ದ ರೀತಿ, ಅಷ್ಟು ಸಾಕು. ಆಸ್ಪತ್ರೆಯ ಕೊನೆಯ ದಿನಗಳನ್ನು ಮಾತ್ರ ತಮಾಷೆಗೆ ಎಳೆಯಬೇಡಿ, ಅಲ್ಲಿ ಗಾಯ ಇನ್ನೂ ಹಸಿ. ನಗುವಿನ ಮಧ್ಯೆ ಯಾರಾದರೂ ಸುಮ್ನೆ ಎದ್ದು ಅಡುಗೆಮನೆಗೆ ಹೋದರೆ ಹಿಂದೆಯೇ ಹೋಗಿ. ನಮ್ಮ ತಂಗಿ ಹಾಗೆ ಎರಡು ಸಲ ಎದ್ದು ಹೋದಳು.

ನರಕ ಚತುರ್ದಶಿ ಬೆಳಿಗ್ಗೆ ನಮ್ಮಪ್ಪ ನಾಲ್ಕಕ್ಕೇ ಎದ್ದು ಹಂಡೆಗೆ ಉರಿ ಹಾಕಿ, ಎಲ್ಲರ ತಲೆಗೂ ಎಣ್ಣೆ ತಟ್ಟುತ್ತಿದ್ದ. ನಿಮ್ಮಪ್ಪನದ್ದೂ ಅಂಥದ್ದೇನೋ ಇರುತ್ತದೆ ಅಲ್ವಾ? ಅವತ್ತು ಅಮ್ಮನ ಪಕ್ಕ ಕೂತು, "ಅಪ್ಪ ಇದ್ದಿದ್ರೆ ಈಗ ಏನಂತಿದ್ರು?" ಅಂತ ಕೇಳಿ ನೋಡಿ. ನಮ್ಮವ್ವ ಆ ಒಂದು ಪ್ರಶ್ನೆಗೆ ಅರ್ಧ ಗಂಟೆ ಮಾತಾಡಿದಳು.