ಟ್ಯಾಂಕಿನಡಿಯ ಮನುಷ್ಯ

ಪತ್ರ: ಪರಮವೀರ ಚಕ್ರ ಪಡೆದ ರಾಮ ರಾಘೋಬಾ ರಾಣೆಯವರ ಮೇಲಿನ ನಿಮ್ಮ ಲೇಖನ ಓದಿದೆ. ಗೌರವವಿದೆ. ಆದರೂ ಅವರು ಮಾಡಿದ್ದು ರಸ್ತೆ ಬಿಡಿಸುವ ಕೆಲಸ. ಶತ್ರುವಿನೊಡನೆ ಹೋರಾಡಿ ಪ್ರಾಣ ಬಿಟ್ಟವರ ಸಾಲಿನಲ್ಲಿ ಅವರನ್ನು ನಿಲ್ಲಿಸಬಹುದೇ? — ನಿವೃತ್ತ ಶಿಕ್ಷಕ, ಶಿರಸಿ

ಉತ್ತರ: ಮೇಷ್ಟ್ರೇ, ಪ್ರಾಣ ಕೊಟ್ಟವರ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಕೈಗೆ ಪ್ಲಾಸ್ಟರ್ ಇದ್ದರೂ ಕಾಶ್ಮೀರದ ಬಡ್ಗಾಮಿನಲ್ಲಿ ಹೋರಾಡಿ ಮಡಿದ ಮೇಜರ್ ಸೋಮನಾಥ ಶರ್ಮಾ ಅವರಿಗೆ ಯಾರೂ ಸಮನಲ್ಲ ಅಂದರೂ ಒಪ್ಪಿಯೇನು. ಆದರೆ ‘ರಸ್ತೆ ಬಿಡಿಸುವ ಕೆಲಸ’ ಅಂದಿರಲ್ಲ, ಅದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

1948ರ ಏಪ್ರಿಲ್ 8, ಪಾಕಿಸ್ತಾನದೊಡನೆ ಕಾಶ್ಮೀರ ಯುದ್ಧದ ಕಾಲ. ನೌಶೇರಾದಿಂದ ರಾಜೌರಿಗೆ ಹೊರಟ ನಮ್ಮ ಸೈನ್ಯಕ್ಕೆ ದಾರಿಯುದ್ದಕ್ಕೂ ನೆಲಬಾಂಬು, ಕಡಿದು ಕೆಡವಿದ ಪೈನ್ ಮರಗಳು. ಸೇನೆಯ ಎಂಜಿನಿಯರ್ ಪಡೆಯಾದ ಬಾಂಬೆ ಸ್ಯಾಪರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ರಾಣೆ ಕೆಲಸಕ್ಕಿಳಿದ ಮೊದಲ ದಿನವೇ ಮಾರ್ಟರ್ ದಾಳಿಗೆ ಅವರ ಇಬ್ಬರು ಹುಡುಗರು ಸತ್ತರು, ಐವರು ಗಾಯಗೊಂಡರು. ಆ ಐವರಲ್ಲಿ ರಾಣೆಯೂ ಒಬ್ಬರು. ಆಸ್ಪತ್ರೆಗೆ ಹೋಗಲಿಲ್ಲ. ಮೇಲಿನಿಂದ ಮಷಿನ್ ಗನ್ ಬಿಡುವೇ ಕೊಡದಿದ್ದಾಗ ಸ್ಟುವರ್ಟ್ ಟ್ಯಾಂಕಿನ ಅಡಿಗೆ ನುಸುಳಿದರು. ಎಡಕ್ಕೊಂದು ಚೈನು, ಬಲಕ್ಕೊಂದು ಚೈನು, ನಡುವೆ ತೆವಳುವ ಮನುಷ್ಯ. ಎಂಜಿನ್ ಸದ್ದಿನಲ್ಲಿ ಕೂಗಿದರೆ ಯಾರಿಗೆ ಕೇಳೀತು? ಡ್ರೈವರ್‌ವರೆಗೆ ಹಗ್ಗ ಎಳೆದಿಟ್ಟುಕೊಂಡು, ‘ನಿಲ್ಲು’, ‘ಹೊರಡು’ ಎಲ್ಲವನ್ನೂ ಅದರ ಜಗ್ಗಿನಲ್ಲೇ ಹೇಳುತ್ತ ಮುಂದಿನ ಬಾಂಬಿಗೆ ಕೈ ಚಾಚಿದರು. ಡ್ರೈವರ್ ಒಂದು ಜಗ್ಗು ತಪ್ಪಿ ತಿಳಿದಿದ್ದರೆ ಮುಗಿದೇ ಹೋಗುತ್ತಿತ್ತು. ಏಪ್ರಿಲ್ 11ಕ್ಕೆ ಟ್ಯಾಂಕುಗಳು ದಾರಿಯಲ್ಲಿನ ಚಿಂಗಸ್ ಮುಟ್ಟಿದವು, ಮರುದಿನ ರಾಜೌರಿ. ಇದನ್ನು ಗುಂಡು ಹಾರಿಸುವುದಕ್ಕಿಂತ ಒಂದು ಕೂದಲೆಳೆ ಕಡಿಮೆ ಅನ್ನಲು ನನ್ನಿಂದಾಗದು.

ಅಸಲು ನಿಮಗೆ ತೊಡಕಾಗಿರುವುದು ಅವರು ಬದುಕಿ ಬಂದದ್ದು ಅಂತ ನನ್ನ ಗುಮಾನಿ. ಪರಮವೀರ ಚಕ್ರ ಪಡೆದ 21 ಮಂದಿಯಲ್ಲಿ 14 ಮಂದಿಗೆ ಅದು ಸಿಕ್ಕಿದ್ದು ಮರಣಾನಂತರ. ಹಾಗಾಗಿ ಪದಕ ಅಂದಕೂಡಲೇ ನಮಗೆ ಹಾರ ಹಾಕಿದ ಫೋಟೋ ಕಣ್ಣಿಗೆ ಬರುತ್ತದೆ. ಕಾರವಾರದ ಚೆಂಡಿಯಾದ ಈ ಕಾನ್‌ಸ್ಟೇಬಲ್ ಮಗ 1940ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದವರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಬುತಿಡಾಂಗ್‌ನಲ್ಲಿ ಮದ್ದುಗುಂಡು ದಾಸ್ತಾನು ನಾಶ ಮಾಡಲು ಹಿಂದೆ ಉಳಿದು, ಕರೆದೊಯ್ಯಬೇಕಿದ್ದ ಹಡಗು ಬಾರದೆ, ಜಪಾನೀಯರ ಕಾವಲಿದ್ದ ನದಿಯನ್ನು ತಮ್ಮವರೊಂದಿಗೆ ದಾಟಿ ಬಂದರು. ಐದು ಸಲ ಸೇನೆಯ ಯುದ್ಧವರದಿಗಳಲ್ಲಿ ಹೆಸರು ಬಂತು. 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು. 28 ವರ್ಷ! ನೀವೂ ಪಾಠ ಹೇಳಿದವರು, ಒಂದೇ ಕೆಲಸಕ್ಕೆ 28 ವರ್ಷ ಬೆಳಿಗ್ಗೆ ಎದ್ದು ಹೋಗುವುದೆಂದರೇನು ಅಂತ ನಾನು ನಿಮಗೆ ಹೇಳಬೇಕೇ?

ತಪ್ಪು ನಿಮ್ಮೊಬ್ಬರದಲ್ಲ, ಪತ್ರಿಕೆಯವರಾದ ನಮ್ಮದೂ ಇದೆ. ನಾನು ಉಪಸಂಪಾದಕನಾಗಿದ್ದಾಗ ಊರಿಗೆ ಮರಳಿದ ಸುಬೇದಾರರೊಬ್ಬರ ಸುದ್ದಿ ಬಂತು. ‘ಏನಾದರೂ ಆಗಿತ್ತಾ ಅವರಿಗೆ?’ ಅಂತ ಕೇಳಿದರು ನಮ್ಮ ಸುದ್ದಿ ಮುಖ್ಯಸ್ಥರು. ಏನೂ ಆಗಿರಲಿಲ್ಲ. ಸುದ್ದಿ ಎರಡು ಸಾಲಿಗೆ ಇಳಿಯಿತು. ಕಾರವಾರದ ಕಡಲ ದಂಡೆಯಲ್ಲೂ ಅದೇ ಕತೆ. ಯುದ್ಧನೌಕೆ ನೋಡಲು ಸಾಲು ನಿಲ್ಲುವವರು ಅಲ್ಲೇ ಇರುವ ರಾಣೆಯವರ ಪ್ರತಿಮೆಯತ್ತ ತಿರುಗಿಯೂ ನೋಡುವುದಿಲ್ಲ.

ಬಂದೂಕು ಹಿಡಿದವನಿಗೆ ಚಪ್ಪಾಳೆ, ಹಾರೆ ಹಿಡಿದವನಿಗೆ ‘ಬೇಗ ಆಗ್ಲಿ’. ಜೂನ್ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ಗೆ ನಾವು ಕೇಳುವುದು ಕರೆಂಟು ಯಾವಾಗ ಬರುತ್ತದೆ ಅಂತ ಮಾತ್ರ. ಹೋದ ಮಳೆಗಾಲ ದೇವಿಮನೆ ಘಟ್ಟದಲ್ಲಿ ಗುಡ್ಡ ಜರಿದು ಎರಡು ಗಂಟೆ ಸಿಕ್ಕಿಹಾಕಿಕೊಂಡಿದ್ದೆ. ಜೆಸಿಬಿ ಹುಡುಗ ಮೇಲಿನ ಹಸಿ ಮಣ್ಣನ್ನೊಮ್ಮೆ, ತನ್ನ ಬಕೆಟ್ಟನ್ನೊಮ್ಮೆ ನೋಡುತ್ತ ಇಂಚಿಂಚೇ ಬಿಡಿಸುತ್ತಿದ್ದ. ನನ್ನ ಹಿಂದಿನ ಕಾರಿನವರು ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಇಳಿದು ನೋಡಿದೆ, ಕೆಎ 31. ನಿಮ್ಮೂರಿನದೇ, ಮೇಷ್ಟ್ರೇ.

— ಸಂ.