ಜಗಳ, ಕೆಂಪು ಕಾರ್ಡ್ ಮತ್ತು ಓಡಿ ಬರುವ ಮೂರನೆಯವ

ಈ ಸಲ ಬಂದ ಪತ್ರಗಳಲ್ಲಿ ಗೋಲಿನ ಬಗ್ಗೆ ಒಂದೂ ಇಲ್ಲ ಮಾರಾಯ್ರೆ. ಎಲ್ಲರಿಗೂ ಮೈದಾನದ ಹೊಡೆದಾಟವೇ ಬೇಕು. ಆಗಲಿ. ಮಂಗಳೂರಿನ ನೆಹರೂ ಮೈದಾನದಲ್ಲಿ ಫುಟ್ಬಾಲ್ ರೆಫ್ರಿಯಾಗಿ ವಿಸಿಲ್ ಊದಿ ಊದಿ ಮೊಣಕಾಲು ಸವೆಸಿಕೊಂಡವನು ನಾನು. ಈ ವಿಷಯದಲ್ಲಿ ನನಗೂ ಹೇಳಲಿಕ್ಕೆ ಬೇಕಾದಷ್ಟು ಉಂಟು.

ಒಂದೇ ತಂಡದ ಇಬ್ಬರು ಆಟಗಾರರು ಹೊಡೆದಾಡಿಕೊಂಡರೆ ರೆಫ್ರಿ ಯಾಕೆ ಮಧ್ಯ ಬರಬೇಕು? ಅದು ಅವರ ಮನೆ ವಿಷಯ ಅಲ್ವಾ? (ಓದುಗರೊಬ್ಬರು, ತೊಕ್ಕೊಟ್ಟು)

ಅಲ್ಲ. ಎದುರಾಳಿಗೆ ಹೊಡೆದರೂ, ಸ್ವಂತ ತಂಡದವನಿಗೆ ಹೊಡೆದರೂ, ರೆಫ್ರಿಗೆ ಹೊಡೆದರೂ ನಿಯಮ ಒಂದೇ: ಕೆಂಪು ಕಾರ್ಡ್. ಬೀಸಿದ ಕೈ ತಗುಲಲೇಬೇಕು ಅಂತಲೂ ಇಲ್ಲ.

2005ರ ಏಪ್ರಿಲ್ 2ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ತಂಡ ಆಸ್ಟನ್ ವಿಲ್ಲಾ ಎದುರು ಸ್ವಂತ ಮೈದಾನದಲ್ಲಿ 0-3ರಿಂದ ಸೋಲುತ್ತಿತ್ತು. ಅದಾಗಲೇ ಒಬ್ಬ ಆಟಗಾರ ಕೆಂಪು ಕಾರ್ಡ್ ಪಡೆದು ಹೊರಗೆ ಹೋಗಿದ್ದ. ಆಗ ಅದೇ ತಂಡದ ಲೀ ಬೋಯರ್ ಮತ್ತು ಕೀರನ್ ಡೈಯರ್ ಪರಸ್ಪರ ಕೈ ಮಾಡಿಕೊಂಡರು. ಬಿಡಿಸಲು ಬಂದವರಲ್ಲಿ ಎದುರಾಳಿ ತಂಡದ ಗ್ಯಾರೆತ್ ಬ್ಯಾರಿಯೂ ಇದ್ದ! ಇಬ್ಬರಿಗೂ ಕೆಂಪು ಕಾರ್ಡ್ ಬಿತ್ತು, ನ್ಯೂಕ್ಯಾಸಲ್ ಎಂಟೇ ಜನರಲ್ಲಿ ಆಟ ಮುಗಿಸಿತು. ಡೈಯರ್‌ಗೆ ಮೂರು ಪಂದ್ಯ ನಿಷೇಧ, ಬೋಯರ್‌ಗೆ ಏಳು. ಕ್ಲಬ್ ಬೋಯರ್‌ನ ಆರು ವಾರದ ಸಂಬಳ ಕತ್ತರಿಸಿತು. ಮರು ವರ್ಷ ಅವನು ಕೋರ್ಟಿನಲ್ಲಿಯೂ 600 ಪೌಂಡ್ ದಂಡ ಕಟ್ಟಬೇಕಾಯಿತು. ಮನೆ ವಿಷಯವಾಗಿದ್ದರೆ ಕೋರ್ಟು ಯಾಕೆ ಬೇಕಿತ್ತು, ಹೇಳಿ.

ಇನ್ನೊಂದು ವಿಷಯ ನಮ್ಮ ಕಡೆಯ ಎಷ್ಟೋ ಕೋಚ್‌ಗಳಿಗೂ ಗೊತ್ತಿಲ್ಲ. ಚೆಂಡು ಆಟದಲ್ಲಿ ಇರುವಾಗ ನಿಮ್ಮ ಡಿಫೆಂಡರ್ ನಿಮ್ಮದೇ ಗೋಲ್‌ಕೀಪರ್‌ಗೆ ಹೊಡೆದ ಅಂತಿಟ್ಟುಕೊಳ್ಳಿ, ಅದೂ ಪೆನಾಲ್ಟಿ ಬಾಕ್ಸ್ ಒಳಗೆ. ಎದುರಾಳಿಗೆ ಪೆನಾಲ್ಟಿ ಸಿಗುತ್ತದೆ! ಹೊಡೆದವನು ಹೊರಗೆ, ಹೊಡೆಸಿಕೊಂಡವನು ಕೆನ್ನೆ ಉಜ್ಜಿಕೊಂಡು ಆ ಪೆನಾಲ್ಟಿ ತಡೆಯಲಿಕ್ಕೆ ನಿಲ್ಲಬೇಕು.

ಸರ್, ಕೆಣಕಿದವನು ಆರಾಮಾಗಿ ಉಳಿಯುತ್ತಾನೆ, ತಿರುಗಿ ಹೊಡೆದವನು ಹೊರಗೆ ಹೋಗುತ್ತಾನೆ. ನನಗೂ ಹೀಗೆ ಆಯಿತು. ಇದು ಯಾವ ನ್ಯಾಯ? (ಹತ್ತನೇ ತರಗತಿ ವಿದ್ಯಾರ್ಥಿ, ಕಸಬಾ ಬೆಂಗ್ರೆ)

ತಮ್ಮಾ, ನಿನ್ನ ಸಿಟ್ಟು ಅರ್ಥ ಆಗುತ್ತದೆ. ರೆಫ್ರಿಗೆ ಮಾತಿಗಿಂತ ಕೈ ಬೇಗ ಕಾಣುತ್ತದೆ, ಅಷ್ಟೇ. ಮೊದಲನೇ ತಳ್ಳಾಟ ಆಗುವಾಗ ಅವನು ಚೆಂಡು ನೋಡುತ್ತಿರುತ್ತಾನೆ. ಗಲಾಟೆ ಕೇಳಿ ಅವನು ತಿರುಗುವಷ್ಟರಲ್ಲಿ ನಿನ್ನ ಕೈ ಮೇಲೆದ್ದಿರುತ್ತದೆ.

2006ರ ವಿಶ್ವಕಪ್ ಫೈನಲ್ ನೀನು ಹುಟ್ಟುವ ಮೊದಲಿನದ್ದು. ಬರ್ಲಿನ್‌ನಲ್ಲಿ ಫ್ರಾನ್ಸ್ ಮತ್ತು ಇಟಲಿ ಆಡುತ್ತಿದ್ದವು. 110ನೇ ನಿಮಿಷದಲ್ಲಿ ಜಿನೆದಿನ್ ಜಿದಾನ್ ತಲೆಯಿಂದ ಮಾರ್ಕೊ ಮಾತೆರಾಜಿಯ ಎದೆಗೆ ಗುದ್ದಿದ. ಮಾತೆರಾಜಿ ಅವನನ್ನು ಕೆಟ್ಟದಾಗಿ ಮಾತಾಡಿ ಕೆಣಕಿದ್ದ. ಗುದ್ದಿದ್ದು ಮುಖ್ಯ ರೆಫ್ರಿಗೆ ಕಾಣಲೇ ಇಲ್ಲ, ಗೆರೆಯ ಹೊರಗೆ ನಿಲ್ಲುವ ನಾಲ್ಕನೇ ಅಧಿಕಾರಿ ನೋಡಿ ಹೇಳಿದ. ಜಿದಾನ್ ತನ್ನ ಕೊನೆಯ ಪಂದ್ಯದಲ್ಲಿ ಕಪ್ಪಿನ ಪಕ್ಕದಲ್ಲೇ ನಡೆದು ಹೊರಗೆ ಹೋದ. ಫ್ರಾನ್ಸ್ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಆಮೇಲೆ ಫಿಫಾ ಕೆಣಕಿದವನನ್ನೂ ಬಿಡಲಿಲ್ಲ. ಮಾತೆರಾಜಿಗೆ ಎರಡು ಪಂದ್ಯ ನಿಷೇಧ ಹಾಕಿತು, ಜಿದಾನ್‌ಗೆ ಮೂರು. ಆದರೆ ಕಪ್ಪು ಇಟಲಿಗೆ ಹೋಗಿ ಆಗಿತ್ತಲ್ಲ.

ಆದ್ದರಿಂದ ನ್ಯಾಯ ಇದೆ, ತಡವಾಗಿ ಬರುತ್ತದೆ. ನಿನಗೆ ಕೆಲಸಕ್ಕೆ ಬರುವ ಮಾತು ಒಂದೇ: ಯಾರಾದರೂ ಕೆಣಕುತ್ತಾ ಇದ್ದರೆ ಕ್ಯಾಪ್ಟನ್‌ಗೆ ಹೇಳು, ಅವನು ರೆಫ್ರಿಗೆ ಹೇಳಲಿ. ಆ ಮೇಲೆ ರೆಫ್ರಿಯ ಒಂದು ಕಣ್ಣು ಆ ನಂಬರ್ ಮೇಲೆ ಇದ್ದೇ ಇರುತ್ತದೆ. ನಾನಂತೂ ಹಾಗೆ ಇಡುತ್ತಿದ್ದೆ.

ಇಷ್ಟೊಂದು ದಂಡ ಹಾಕುತ್ತಾರೆ, ಆದರೂ ಜಗಳ ನಿಲ್ಲುವುದಿಲ್ಲ ಯಾಕೆ? (ಬ್ಯಾಂಕ್ ಉದ್ಯೋಗಿ, ಅಜ್ಜರಕಾಡು, ಉಡುಪಿ)

ಯಾಕೆಂದರೆ ದುಡ್ಡು ಕಟ್ಟುವವನು ಒಬ್ಬ, ಜಗಳ ಆಡುವವನು ಇನ್ನೊಬ್ಬ. ನೀವು ಬ್ಯಾಂಕಿನವರು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಆದದ್ದು ನಿಮಗೆ ನೆನಪಿರಬಹುದು. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್ ಪಂದ್ಯದ ಹೆಚ್ಚುವರಿ ಸಮಯ. ಬೆಂಗಳೂರು ತಂಡದ ಸುನಿಲ್ ಛೆಟ್ರಿ, ಎದುರಾಳಿಗಳು ಅಣಿಯಾಗುವ ಮೊದಲೇ, ಫ್ರೀ ಕಿಕ್ ಬೇಗ ಹೊಡೆದು ಗೋಲು ಮಾಡಿದರು. ಕೇರಳ ಬ್ಲಾಸ್ಟರ್ಸ್ ಒಪ್ಪದೆ ಮೈದಾನ ಬಿಟ್ಟು ಹೋಯಿತು. ಫುಟ್ಬಾಲ್ ಫೆಡರೇಶನ್ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚ್ ಇವಾನ್ ವುಕೊಮನೋವಿಚ್‌ಗೆ 10 ಪಂದ್ಯ ನಿಷೇಧ, 5 ಲಕ್ಷ ದಂಡ. ನನ್ನನ್ನು ಕೇಳಿದರೆ ಆ 4 ಕೋಟಿಗಿಂತ ಕೋಚ್‌ನ 10 ಪಂದ್ಯವೇ ಜಾಸ್ತಿ ನೋಯಿಸಿದ್ದು.

ನನ್ನ ಓಟು ಪಾಯಿಂಟ್ ಕಡಿತಕ್ಕೆ. 1990ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಆರ್ಸೆನಲ್ ಮಧ್ಯೆ ದೊಡ್ಡ ಗುಂಪು ಗಲಾಟೆ ಆಯಿತು. 22 ಆಟಗಾರರಲ್ಲಿ 21 ಜನ ಅದರಲ್ಲಿ ಇದ್ದರು. ಆರ್ಸೆನಲ್ ಗೋಲ್‌ಕೀಪರ್ ಡೇವಿಡ್ ಸೀಮನ್ ಒಬ್ಬ ಮಾತ್ರ ತನ್ನ ಜಾಗ ಬಿಡಲಿಲ್ಲ. ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆ ಎರಡೂ ಕ್ಲಬ್ಬಿಗೆ ತಲಾ 50,000 ಪೌಂಡ್ ದಂಡ ಹಾಕಿತು. ಜೊತೆಗೆ ಆರ್ಸೆನಲ್‌ನ ಎರಡು ಪಾಯಿಂಟ್, ಯುನೈಟೆಡ್‌ನ ಒಂದು ಪಾಯಿಂಟ್ ಕಿತ್ತುಕೊಂಡಿತು. ಆದರೂ ಆ ವರ್ಷ ಆರ್ಸೆನಲ್ಲೇ ಚಾಂಪಿಯನ್ ಆಯಿತಲ್ಲ ಅಂತ ನೀವು ಕೇಳಬಹುದು. ಹೌದು, ಏಳು ಪಾಯಿಂಟ್ ಮುಂದಿತ್ತು. ಕಿತ್ತದ್ದು ಕಡಿಮೆಯಾಯಿತು ಅಂತ ನಾನು ಹೇಳುವುದು.

ತಪ್ಪು ಮಾಡದವರಿಗೂ ಇದರಿಂದ ಪೆಟ್ಟು, ಅದು ನಿಜ. ಆದರೆ ಪಾಯಿಂಟ್ ಹೋಗುತ್ತದೆ ಅಂತ ಗೊತ್ತಿದ್ದರೆ ಓಡಿ ಬರುವವನು ಹೊಡೆಯಲಿಕ್ಕೆ ಬರುವುದಿಲ್ಲ, ತನ್ನವನನ್ನು ಎಳೆದುಕೊಂಡು ಹೋಗಲಿಕ್ಕೆ ಬರುತ್ತಾನೆ.

ನಮ್ಮ ಊರಿನ ಟೂರ್ನಮೆಂಟ್‌ಗೆ ನಾನೇ ರೆಫ್ರಿ. ಜಗಳ ಶುರುವಾದರೆ ಮೊದಲು ಏನು ಮಾಡಬೇಕು? (ಓದುಗರೊಬ್ಬರು, ಮಲ್ಪೆ)

ಮೊದಲು ವಿಸಿಲ್. ಜೋರಾಗಿ, ಬಿಡದೆ ಊದಿ. ಬೇಗ ಓಡಿ ಹತ್ತಿರ ಹೋಗಿ, ಆದರೆ ಇಬ್ಬರ ಮಧ್ಯೆ ಕೈ ಹಾಕಬೇಡಿ. ಎಲ್ಲರೂ ಕಾಣುವಷ್ಟು ದೂರ ನಿಲ್ಲಿ. ಹತ್ತಿರದ ಲೈನ್‌ಮನ್ ಒಳಗೆ ಬರಲಿ, ಇನ್ನೊಬ್ಬ ಹೊರಗೆ ನಿಂತು ನಂಬರ್ ನೋಡಿಕೊಳ್ಳಲಿ. ಬೆಂಚ್ ಕಾಯಲಿಕ್ಕೆ ಒಬ್ಬರನ್ನು ಪಂದ್ಯಕ್ಕೆ ಮೊದಲೇ ನಿಲ್ಲಿಸಿಕೊಳ್ಳಿ. ಊರಿನ ಟೂರ್ನಮೆಂಟ್‌ಗಳಲ್ಲಿ ಇದನ್ನು ಮಾತ್ರ ಯಾರೂ ಮಾಡುವುದಿಲ್ಲ.

ಈಗ ಮುಖ್ಯ ಮಾತು. ಹಣೆಗೆ ಹಣೆ ಒತ್ತಿಕೊಂಡು ನಿಂತ ಇಬ್ಬರನ್ನು ನೋಡಿ ಗಾಬರಿ ಆಗಬೇಡಿ. ಅದು ಕೋಳಿ ಅಂಕದಲ್ಲಿ ಬಿಡುವ ಮೊದಲು ಹುಂಜಗಳನ್ನು ಎದುರೆದುರು ಹಿಡಿದ ಹಾಗೆ, ಹೆಚ್ಚಿನದ್ದು ಗರಿ ಕೆದರುವುದು ಮಾತ್ರ. ನೀವು ನೋಡಬೇಕಾದದ್ದು ಮೂರನೆಯವನನ್ನು. ನಲವತ್ತು ಮೀಟರ್ ದೂರದಿಂದ ಓಡಿ ಬರುತ್ತಾನಲ್ಲ, ಅವನನ್ನು. ಅವನಿಗೆ ಯಾರೂ ಏನೂ ಮಾಡಿರುವುದಿಲ್ಲ. ಆದರೆ ಇಬ್ಬರ ಜಗಳ ಇಪ್ಪತ್ತು ಜನರದ್ದಾಗುವುದು ಅವನಿಂದಲೇ.

ನೆಹರೂ ಮೈದಾನದ ಒಂದು ಸೆಮಿಫೈನಲ್‌ನಲ್ಲಿ ತಳ್ಳಾಡಿದ ಇಬ್ಬರು ಅದಾಗಲೇ ಸುಮ್ಮನಾಗಿದ್ದರು. ಒಬ್ಬ ಬಗ್ಗಿ ಬೂಟಿನ ಲೇಸ್ ಕಟ್ಟುತ್ತಿದ್ದ. ಅಷ್ಟರಲ್ಲಿ ಬೆಂಚಿನಿಂದ ಒಬ್ಬ ಸಬ್‌ಸ್ಟಿಟ್ಯೂಟ್ ಬರಿಗಾಲಲ್ಲೇ ಓಡಿ ಬಂದು ಇನ್ನೊಬ್ಬನ ಬೆನ್ನಿಗೆ ಗುದ್ದಿದ. ಅವನ ಹಿಂದೆ ಪ್ರೇಕ್ಷಕರು. ಬೇಲಿ ಇಲ್ಲದ ಮೈದಾನ ನೋಡಿ. ತಳ್ಳಾಡಿದ ಇಬ್ಬರಿಗೆ ಹಳದಿ ಕೊಟ್ಟೆ, ಬರಿಗಾಲಿನವನಿಗೆ ಕೆಂಪು. ಆಡದೇ ಇರುವವನಿಗೆ ಹೇಗೆ ಕೆಂಪು ಕಾರ್ಡ್ ಅಂತ ಅವನ ಕೋಚ್ ನನ್ನ ಹತ್ತಿರ ವಾದಕ್ಕೆ ನಿಂತರು. ಬೆಂಚಿನವನಿಗೂ ಕೊಡಬಹುದು, ಕೋಚ್‌ಗೂ ಕೊಡಬಹುದು. ಆಗಿನ ಇಂಡಿಯಾ ಕೋಚ್ ಇಗೊರ್ ಸ್ಟಿಮಾಚ್‌ಗೆ 2023ರ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯಲ್ಲಿ, ಅದೇ ಕಂಠೀರವದಲ್ಲಿ, ಕೆಂಪು ಬಿತ್ತಲ್ಲ. ಪಾಕಿಸ್ತಾನದ ಆಟಗಾರ ಥ್ರೋ ಇನ್ ಹಾಕಲು ಹೊರಟಾಗ ಅವನ ಕೈಯಿಂದ ಚೆಂಡು ತಪ್ಪಿಸಿದ್ದಕ್ಕೆ. ಆ ಟೂರ್ನಿಯಲ್ಲೇ ಕುವೈತ್ ಎದುರು ಇನ್ನೊಂದು ಕೆಂಪು ತೆಗೆದುಕೊಂಡರು ಪುಣ್ಯಾತ್ಮ.

ವರದಿ ಅದೇ ಸಂಜೆ ಬರೆಯಿರಿ. ನಿಮಿಷ, ನಂಬರ್, ಯಾವ ಕೈ, ಮುಷ್ಟಿಯೋ ಅಂಗೈಯೋ, ಎಲ್ಲಿಗೆ ತಗುಲಿತು. "ಅನುಚಿತ ವರ್ತನೆ" ಅಂತ ಮಾತ್ರ ಬರೆದರೆ ಶಿಸ್ತು ಸಮಿತಿಯವರು ಅದರಿಂದ ಏನೂ ಮಾಡಲಿಕ್ಕಾಗುವುದಿಲ್ಲ.

ಒಂದೇ ಪಂದ್ಯದಲ್ಲಿ ಏಳು ಕೆಂಪು ಕಾರ್ಡ್ ಬಿದ್ದರೂ ಆಟ ನಡೆಯುತ್ತದಾ? (ಓದುಗರೊಬ್ಬರು, ಸುರತ್ಕಲ್)

ನೀವು ಕೇಳುತ್ತಿರುವುದು 2023ರ ಡಿಸೆಂಬರ್‌ನ ಮುಂಬೈ ಸಿಟಿ ಮತ್ತು ಮೋಹನ್ ಬಗಾನ್ ಪಂದ್ಯದ್ದಿರಬೇಕು. ಅಲ್ಲಿ ಏಳು ಬಿದ್ದದ್ದು ಎರಡೂ ತಂಡ ಸೇರಿ, ಮುಂಬೈಗೆ ನಾಲ್ಕು, ಬಗಾನ್‌ಗೆ ಮೂರು. ಅದರಲ್ಲೂ ಕೆಲವು ಕೊನೆಯ ವಿಸಿಲ್ ಆದ ಮೇಲೆ. ಒಂದು ತಂಡದಲ್ಲಿ ಏಳಕ್ಕಿಂತ ಕಡಿಮೆ ಜನ ಉಳಿದರೆ ಮಾತ್ರ ಆಟ ನಿಲ್ಲುತ್ತದೆ. ಮುಂಬೈ 2-1ರಿಂದ ಗೆದ್ದಿತು.