ನಾಯಿಯ ಮೂಗಿನಲ್ಲಿ ಶಿಲೀಂಧ್ರ ಸೋಂಕು

ಪ್ರಶ್ನೆ: ನಮ್ಮ ಐದು ವರ್ಷದ ಜರ್ಮನ್ ಶೆಫರ್ಡ್ ನಾಯಿಯ ಒಂದು ಹೊಳ್ಳೆಯಿಂದ ಎರಡು ತಿಂಗಳಿಂದ ಕೀವು, ಆಗಾಗ ರಕ್ತ ಬರುತ್ತಿದೆ. ಪರೀಕ್ಷೆಯಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರವೆಂದು ತಿಳಿಯಿತು. ಮಾತ್ರೆಗಳಿಂದಲೇ ಗುಣವಾಗುವುದೇ?

ಉತ್ತರ: ಮಾತ್ರೆಗಳನ್ನಷ್ಟೇ ನಂಬಿ ಕಾಲ ಕಳೆಯಬೇಡಿ. ಇಟ್ರಕೊನಜೋಲ್ ಮಾತ್ರೆಯನ್ನು ತಿಂಗಳುಗಟ್ಟಲೆ ಕೊಟ್ಟರೂ ಅನೇಕ ನಾಯಿಗಳಲ್ಲಿ ಸೋಂಕು ಉಳಿದುಬಿಡುತ್ತದೆ. ಜೊತೆಗೆ ಯಕೃತ್ತಿಗೂ ತೊಂದರೆಯಾಗಬಹುದು. ನಾಯಿಗೆ ಅರಿವಳಿಕೆ ನೀಡಿ, ಎಂಡೋಸ್ಕೋಪ್ (ಒಳಭಾಗವನ್ನು ನೋಡುವ ಕ್ಯಾಮೆರಾ ಇರುವ ಕೊಳವೆ) ನೆರವಿನಿಂದ ಮೂಗಿನೊಳಗೆ ಬೆಳೆದ ಶಿಲೀಂಧ್ರವನ್ನು ಸಾಧ್ಯವಾದಷ್ಟೂ ತೆಗೆದು, ಶೇ. 1ರ ಕ್ಲೋಟ್ರಿಮಜೋಲ್ ಎಂಬ ಶಿಲೀಂಧ್ರನಾಶಕ ದ್ರಾವಣವನ್ನು ಸುಮಾರು ಒಂದು ಗಂಟೆ ಅಲ್ಲಿಯೇ ನಿಲ್ಲಿಸುವ ಚಿಕಿತ್ಸೆ ಹೆಚ್ಚು ಫಲಕಾರಿ. ಆದರೆ ಮೂಗಿಗೂ ಮೆದುಳಿಗೂ ನಡುವಿನ ತೆಳು ಮೂಳೆಯನ್ನು ಶಿಲೀಂಧ್ರ ಕೊರೆದಿದ್ದರೆ ಔಷಧ ಮೆದುಳಿಗೆ ತಗಲುವ ಅಪಾಯವಿರುವುದರಿಂದ, ಮೊದಲು ಸಿ.ಟಿ. ಸ್ಕ್ಯಾನ್ ಮಾಡಿಸಲೇಬೇಕು. ಸ್ರಾವ ನಿಂತ ಮಾತ್ರಕ್ಕೆ ಸೋಂಕು ಹೋಯಿತೆಂದಲ್ಲ. ಕೆಲವು ವಾರಗಳ ನಂತರ ಮತ್ತೆ ಎಂಡೋಸ್ಕೋಪಿ ಮಾಡಿಸಿ, ಅಗತ್ಯವಿದ್ದರೆ ಚಿಕಿತ್ಸೆಯನ್ನು ಪುನಃ ಕೊಡಿಸಿ.